ವೀರಗಲ್ಲಿನ ಫಲಕಕ್ಕೆ ‘ನಾಡಿಗಾಗಿ ಪ್ರಾಣತ್ಯಾಗ’ ಅಂತ ಬರೆಯಬಹುದಾ? ತುರುಗೋಳ್ ವೀರ, ಗರುಡ, ಇವತ್ತಿನ ಸೈನಿಕ ಎಲ್ಲರೂ ಒಂದೇನಾ?

ಕೆರೆಏರಿ ಮೇಷ್ಟ್ರು

ನಮ್ಮೂರ ಕೆರೆ ಏರಿ ಮೇಲೆ ಮೂರು ವೀರಗಲ್ಲುಗಳಿವೆ. ಪಂಚಾಯ್ತಿಯವರು ಸುತ್ತ ಕಟ್ಟೆ ಕಟ್ಟಿಸಿ ಗ್ರಾನೈಟ್ ಫಲಕ ಹಾಕಿಸ್ತಿದ್ದಾರೆ. ಬರಹದ ಕರಡು ಇಷ್ಟು: ‘ನಾಡಿಗಾಗಿ ನಗುನಗುತ್ತಾ ಪ್ರಾಣತ್ಯಾಗ ಮಾಡಿದ ಅಮರ ವೀರಯೋಧರು’. ಒಮ್ಮೆ ಕೆತ್ತಿಸಿದರೆ ಮುಗೀತು, ಅದಕ್ಕೇ ಮೊದಲು ತಿಳಿದವರನ್ನ ಕೇಳ್ತಿದ್ದೀನಿ.

ಕಲ್ಲುಗಳ ವಿವರ: ಮೊದಲನೆಯದರ ಕೆಳಪಟ್ಟಿಯಲ್ಲಿ ದನಗಳ ಸಾಲು, ಬಿಲ್ಲು ಹಿಡಿದವನೊಬ್ಬ. ಎರಡನೆಯದರಲ್ಲಿ ಕುದುರೆ ಸವಾರರು, ಎದುರಿಗೆ ಕತ್ತಿ ಗುರಾಣಿ ಹಿಡಿದವನು. ಮೂರನೆಯದು ವಿಚಿತ್ರವಾಗಿದೆ. ಒಬ್ಬ ಕೂತಿದ್ದಾನೆ, ತನ್ನ ಕತ್ತಿನ ಮೇಲೆ ತಾನೇ ಕತ್ತಿ ಇಟ್ಟುಕೊಂಡಿದ್ದಾನೆ, ಹಿಂದೆ ಬಾಗಿದ ಗಳದಂಥದ್ದು ಅವನ ಜುಟ್ಟಿಗೆ ಸೇರಿಕೊಂಡಿದೆ. ಮೊದಲೆರಡರಲ್ಲಿ ಅಕ್ಷರ ಇವೆ, ತುಂಬಾ ಸವೆದಿವೆ.

ಇದೇ ನೆಪದಲ್ಲಿ ಹತ್ತನೇ ತರಗತಿಗೆ ಒಂದು ಚರ್ಚೆ ಇಟ್ಟಿದ್ದೀವಿ. ಮಕ್ಕಳು ಈಗಾಗಲೇ ಕೇಳ್ತಿರೋದು: ದನ ಬಿಡಿಸೋಕೆ ಹೋಗಿ ಸತ್ತವನು (ತುರುಗೋಳ್ ವೀರ), ರಾಜ ಸತ್ತ ಅಂತ ಕತ್ತು ಕೊಯ್ದುಕೊಂಡವನು (ಗರುಡ), 1962ರ ಚೀನಾ ಯುದ್ಧದಲ್ಲಿ ರೆಜಾಂಗ್ ಲಾದಲ್ಲಿ ಸತ್ತವರು, ಈ ಮೂವರೂ ಒಂದೇ ಥರದ ವೀರರಾ? ಸಾಯಲೇಬೇಕು ಅಂತ ಅಪ್ಪಣೆ ಕೊಡೋದು ಸರಿಯಾ? ಬದುಕಿ ಬಂದವನು ಕಡಿಮೆಯವನಾ? ಇದಕ್ಕೆ ‘ಹೌದು ಮಕ್ಕಳೇ, ಎಲ್ಲರೂ ಮಹಾನ್’ ಅಂತ ಹೇಳಿ ಕೂರಿಸೋದು ನನಗೆ ಇಷ್ಟವಿಲ್ಲ.

---

ಶಾಸನದ ಗೀಳು

ಮೇಷ್ಟ್ರೇ, ಕೆತ್ತನೆ ನಿಲ್ಲಿಸಿ. ನೀವು ಕೊಟ್ಟ ವಿವರದಲ್ಲೇ ಕರಡಿನ ಒಂದೊಂದು ಪದವೂ ಬಿದ್ದುಹೋಗುತ್ತೆ. ‘ನಾಡಿಗಾಗಿ’ ಅನ್ನೋಕೆ ಆಧಾರ ಇಲ್ಲ. ‘ಯೋಧರು’ ಅನ್ನೋದು ಮೂರನೆಯ ಕಲ್ಲಿಗೆ ಬಹುಶಃ ಹೊಂದೋದೇ ಇಲ್ಲ. ‘ನಗುನಗುತ್ತಾ’ ಅಂತ ಯಾರು ನೋಡಿದ್ದು?

ಮೊದಲು ಕಲ್ಲು ಓದಿಸಿ. ಬರೀ ನೀರು, ಮೆತ್ತನೆಯ ನೈಲಾನ್ ಬ್ರಷ್ಷು ಸಾಕು. ಆಸಿಡ್, ವೈರ್ ಬ್ರಷ್ಷು, ಪಾತ್ರೆ ತಿಕ್ಕುವ ಪುಡಿ ಯಾವುದೂ ಬೇಡ. ಅಕ್ಷರ ಎದ್ದು ಕಾಣಲಿ ಅಂತ ಆಯಿಲ್ ಪೇಂಟೋ ಸೀಮೆಸುಣ್ಣವೋ ತುಂಬುವವರಿದ್ದಾರೆ. ಅವರು ತುಂಬೋದು ಕಲ್ಲಿನ ಅಕ್ಷರವನ್ನಲ್ಲ, ತಮ್ಮ ಊಹೆಯನ್ನ. ಮುಂದಿನವನು ಆ ಊಹೆಯನ್ನೇ ಶಾಸನ ಅಂತ ಓದ್ತಾನೆ. ಕತ್ತಲಾದ ಮೇಲೆ ಟಾರ್ಚನ್ನ ಕಲ್ಲಿನ ಅಂಚಿಗೆ ಒತ್ತಿ ಹಿಡಿದು, ಬೆಳಕು ಮೈಮೇಲೆ ಸವರಿಕೊಂಡು ಹೋಗುವ ಹಾಗೆ ಎಡ, ಬಲ, ಮೇಲಿಂದ ಒಂದೊಂದು ಫೋಟೋ ತೆಗೀರಿ. ಎದುರಿಂದ ಫ್ಲ್ಯಾಷ್ ಹಾಕಿದ ಫೋಟೋದಿಂದ ಏನೂ ಉಪಯೋಗವಿಲ್ಲ. ಅಕ್ಷರ ಸಾಮಾನ್ಯವಾಗಿ ಎರಡು ಚಿತ್ರಪಟ್ಟಿಗಳ ನಡುವಿನ ಅಡ್ಡಪಟ್ಟಿಯಲ್ಲಿರುತ್ತೆ. ಅಲ್ಲಿ ಜಾಗ ಸಾಲದಿದ್ದಾಗ ಪಕ್ಕದ ಅಂಚಿಗೂ ಹರಿದಿರುತ್ತೆ, ಅದನ್ನ ಬಿಟ್ಟುಬಿಡೋದೇ ಹೆಚ್ಚು. ಆಮೇಲೆ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ (ಕರ್ನಾಟಕದ ಶಾಸನಗಳ ಸಂಪುಟಗಳು) ನಿಮ್ಮ ತಾಲ್ಲೂಕಿನ ಭಾಗ ತೆಗೆದು ಊರಿನ ಹೆಸರು ಹುಡುಕಿ. ಅದನ್ನ ಶುರುಮಾಡಿದ ಬಿ.ಎಲ್. ರೈಸ್ ಕಾಲದಲ್ಲೇ ಓದಿ ಅಚ್ಚಾಗಿದ್ದರೆ ನಿಮ್ಮ ಅರ್ಧ ಕೆಲಸ ಮುಗಿದ ಹಾಗೆ. ಬೆಂಗಳೂರಿನ ಸುತ್ತಮುತ್ತಲಾದರೆ ಮಿಥಿಕ್ ಸೊಸೈಟಿಯವರು ಶಾಸನಗಳನ್ನ 3ಡಿ ಸ್ಕ್ಯಾನ್ ಮಾಡ್ತಿದ್ದಾರೆ, ಕಣ್ಣಿಗೆ ಕಾಣದ ಅಕ್ಷರವೂ ಅದರಲ್ಲಿ ಹೊರಬೀಳುತ್ತೆ.

ಈಗ ಚಿತ್ರಗಳಿಗೆ ಬರೋಣ. ವೀರಗಲ್ಲನ್ನ ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನ ಎತ್ತಿಕೊಂಡು ಹೋಗೋದು, ಮೇಲೆ ಲಿಂಗ, ಪೂಜಾರಿ, ನಂದಿ, ಸೂರ್ಯ ಚಂದ್ರ. ಜೈನನಾಗಿದ್ದರೆ ಮೇಲೆ ಜಿನ. ನಡುಪಟ್ಟಿ, ಮೇಲ್ಪಟ್ಟಿ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಅಚ್ಚು. ಆ ಮನುಷ್ಯನ ಸುದ್ದಿ ಇರೋದು ಕೆಳಪಟ್ಟಿಯಲ್ಲಿ ಮಾತ್ರ.

ನಿಮ್ಮ ಮೊದಲನೆಯದು ತುರುಗೋಳ್. ಇಂಥ ಶಾಸನಗಳಲ್ಲಿ ಪದೇ ಪದೇ ಬರೋದು ‘ತುರುವಂ ಮಗುಳ್ಚಿ’ ಸತ್ತ ಅನ್ನೋ ಒಕ್ಕಣೆ, ಅಂದರೆ ದನ ವಾಪಸ್ ತಂದು ಸತ್ತ. ಕ್ರಮ ಗಮನಿಸಿ: ಮೊದಲು ಆದ ಕೆಲಸ, ಆಮೇಲೆ ಸಾವು. ಊರಿನ ದನ ಹೋದರೆ ಉಳುಮೆ, ಗೊಬ್ಬರ, ಹಾಲು ಮೂರೂ ಹೋದ ಹಾಗೆ, ಮುಂದಿನ ಬೆಳೆಯೇ ಇಲ್ಲ. ಅವನು ಹೊರಟದ್ದು ದನ ಬಿಡಿಸೋಕೆ, ಸಾಯೋಕಲ್ಲ.

ಎರಡನೆಯದರಲ್ಲಿ ‘ಊರಳಿವು’, ‘ಪೆಣ್ಬುಯ್ಯಲ್’ ಅಂತೇನಾದರೂ ಇದೆಯಾ ನೋಡಿ. ಊರು ಲೂಟಿಯಾದಾಗ, ಹೆಂಗಸರ ಮೇಲೆ ಕೈ ಮಾಡಿದಾಗ ಅಡ್ಡ ನಿಂತವರ ಕಲ್ಲುಗಳವು. ಇಲ್ಲವೇ ‘ಬೆಸಸೆ’ ಅಂತ ಇರಬಹುದು, ಅಂದರೆ ಒಡೆಯನ ಅಪ್ಪಣೆಯ ಮೇಲೆ ಹೋದವನು. ಈ ಒಂದು ಪದದ ಮೇಲೆ ನಿಮ್ಮ ಮಕ್ಕಳ ಎರಡನೇ ಪ್ರಶ್ನೆ ನಿಂತಿದೆ.

ಮೂರನೆಯದು ನೀವು ಹೇಳಿದ ಹಾಗಿದ್ದರೆ ಸಿಡಿತಲೆ. ಗಳವನ್ನ ಬಾಗಿಸಿ ತುದಿಗೆ ಜುಟ್ಟು ಕಟ್ಟೋದು. ಕತ್ತು ಕಡಿದ ತಕ್ಷಣ ಗಳ ನೆಟ್ಟಗಾಗಿ ತಲೆ ಮೇಲಕ್ಕೆ ಸಿಡಿಯುತ್ತೆ. ಇದು ಹರಕೆಯ ಸಾವು. ದೇವಿಗೋ, ಒಡೆಯನ ಒಳಿತಿಗೋ ಕೊಟ್ಟ ತಲೆ. ಯುದ್ಧವೇ ನಡೆದಿರಬೇಕಿಲ್ಲ. ಇದನ್ನ ‘ವೀರಯೋಧ’ ಅಂತ ಫಲಕದಲ್ಲಿ ಬರೆದರೆ ತಪ್ಪು ಮಾಹಿತಿ ಕಲ್ಲಿನಲ್ಲಿ ಕೂರುತ್ತೆ.

ಬದುಕಿದವನ ಬಗ್ಗೆ ಕೇಳಿದಿರಲ್ಲ, ಅದಕ್ಕೂ ಶಾಸನದಲ್ಲೇ ಉತ್ತರ ಇದೆ. ಹಲ್ಮಿಡಿ ಶಾಸನ ಕನ್ನಡದ ಮೊದಲ ದೊಡ್ಡ ಶಾಸನ ಅಂತ ಎಲ್ಲರೂ ಓದಿದ್ದಾರೆ. ಅದರಲ್ಲಿರೋದು ಏನು? ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಪಲ್ಮಿಡಿ, ಮೂಳಿವಳ್ಳಿ ಎರಡು ಊರನ್ನ ಬಾಳ್ಗಳ್ಚಾಗಿ ಕೊಟ್ಟದ್ದು. ಕತ್ತಿ ತೊಳೆದು ಕೊಡುವ ಈ ದತ್ತಿ ಗೆದ್ದು ಬಂದವನಿಗೆ.

ಇನ್ನು ಆತಕೂರು, ಮದ್ದೂರು ತಾಲ್ಲೂಕು, 949-50ರ ಶಾಸನ. ತಕ್ಕೋಲಂ ಕಾಳಗದಲ್ಲಿ ಚೋಳ ರಾಜಾದಿತ್ಯ ಸತ್ತ ಮೇಲೆ ಗಂಗ ಬೂತುಗ ತನ್ನ ಬಂಟ ಮಣಲೆರನಿಗೆ ಆತಕೂರು ಹನ್ನೆರಡನ್ನೂ (ಹನ್ನೆರಡು ಹಳ್ಳಿಗಳ ಗುಂಪು) ಬೆಳ್ವೊಲ ನಾಡಿನ ಕಾದಿಯೂರನ್ನೂ ಬಾಳ್ಗಳ್ಚಾಗಿ ಕೊಟ್ಟ. ರಾಷ್ಟ್ರಕೂಟ ಮೂರನೇ ಕೃಷ್ಣ ಮೆಚ್ಚಿ ‘ಬೇಕಾದ್ದು ಕೇಳು’ ಅಂದಾಗ ಮಣಲೆರ ಕೇಳಿದ್ದು ಕಾಳಿ ಅನ್ನೋ ಬೇಟೆನಾಯಿಯನ್ನ! ಅದು ಮುಂದೆ ಹಂದಿಯ ಮೇಲೆ ಬಿದ್ದು ಎರಡೂ ಸತ್ತವು. ಕಲ್ಲು ನಿಂತದ್ದು, ಪೂಜೆಗೆ ಎರಡು ಖಂಡುಗ ಗದ್ದೆ ಬಿಟ್ಟದ್ದು ನಾಯಿಯ ಹೆಸರಿಗೆ. ಕಾಳಗದಲ್ಲಿ ಗೆದ್ದ ಯಜಮಾನ ಬದುಕಿದ್ದುಕೊಂಡೇ ಊರು ಪಡೆದ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಮಕ್ಕಳನ್ನ ಕರ್ಕೊಂಡು ಹೋಗಿ.

ಇನ್ನೊಂದು. ಹಲವು ವೀರಗಲ್ಲುಗಳಲ್ಲಿ ಕಾಣೋ ಶ್ಲೋಕ: ‘ಜಿತೇನ ಲಭ್ಯತೇ ಲಕ್ಷ್ಮೀರ್ಮೃತೇನಾಪಿ ಸುರಾಂಗನಾ, ಕ್ಷಣವಿಧ್ವಂಸಿನಿ ಕಾಯೇ ಕಾ ಚಿಂತಾ ಮರಣೇ ರಣೇ’. ಗೆದ್ದರೆ ಸಿರಿ, ಸತ್ತರೆ ಅಪ್ಸರೆ, ಕ್ಷಣದಲ್ಲಿ ಅಳಿಯೋ ಮೈಗೆ ರಣದಲ್ಲಿ ಸಾಯೋ ಚಿಂತೆ ಯಾಕೆ. ಇದನ್ನ ಸಾವಿನ ವೈಭವ ಅಂತ ಓದ್ತಾರೆ. ಆದರೆ ಮೊದಲು ಬರೋದು ಗೆಲುವೇ. ಸಾವು ಬಂದರೆ ನಷ್ಟವಿಲ್ಲ ಅನ್ನೋ ಭರವಸೆ ಅಷ್ಟೆ. ಆ ಭರವಸೆ ಕೊಡ್ತಿದ್ದವರು ಯಾರು, ಯಾರಿಗೆ ಅನ್ನೋದನ್ನೂ ಕೇಳಬೇಕು. ಕಲ್ಲು ನಿಲ್ಲಿಸಿ ನೆತ್ತರುಗೊಡಗೆ (ಸತ್ತ ವೀರನ ಮನೆಯವರಿಗೆ ಬಿಡುವ ಭೂಮಿ) ಕೊಡುವ ಒಡೆಯನಿಗೆ ನಾಳೆ ಇನ್ನೊಬ್ಬ ಬಂಟ ಬೇಕಲ್ಲ.

---

ಹಳೇ ಪಲ್ಟನ್

ಸೈನ್ಯದ ಕಡೆಯದನ್ನ ನಾನು ಹೇಳ್ತೀನಿ. ಸಿನಿಮಾದಿಂದ ಬಂದ ತಪ್ಪು ಕಲ್ಪನೆಗಳು ಇದರಲ್ಲಿ ತುಂಬಾ.

ಪರಮವೀರ ಚಕ್ರದ ನಿಯಮ ಓದಿ. ಶತ್ರುವಿನ ಎದುರು ತೋರಿದ ಅಸಾಧಾರಣ ಧೈರ್ಯ, ಅಥವಾ ಸಾಹಸದ ಇಲ್ಲವೇ ಆತ್ಮತ್ಯಾಗದ ಕಾರ್ಯ. ಆತ್ಮತ್ಯಾಗ ಅನ್ನೋದು ‘ಅಥವಾ’ದ ನಂತರ ಬರೋ ಒಂದು ದಾರಿ, ಷರತ್ತಲ್ಲ. ಇದುವರೆಗಿನ 21 ಪರಮವೀರ ಚಕ್ರಗಳಲ್ಲಿ 14 ಮರಣೋತ್ತರ, 7 ಬದುಕಿದ್ದವರಿಗೆ. ಮೇಜರ್ ಧನ್ ಸಿಂಗ್ ಥಾಪಾ 1962ರಲ್ಲಿ ಸತ್ತರು ಅಂತಲೇ ತಿಳಿದು ಪದಕ ಘೋಷಣೆಯಾಯ್ತು, ಆಮೇಲೆ ನೋಡಿದರೆ ಚೀನಾದಲ್ಲಿ ಯುದ್ಧಕೈದಿ. ಕಾರ್ಗಿಲ್‌ನ ಟೈಗರ್ ಹಿಲ್‌ನಲ್ಲಿ ಹೋರಾಡಿದ ಯೋಗೇಂದ್ರ ಸಿಂಗ್ ಯಾದವ್ ಹೆಸರೂ ಮೊದಲು ಮರಣೋತ್ತರ ಅಂತಲೇ ಬಂತು, ಅವರು ಆಸ್ಪತ್ರೆಯಲ್ಲಿದ್ದರು. ಇಬ್ಬರೂ ಬದುಕಿದ್ದಾರೆ ಅಂತ ಗೊತ್ತಾದ ಮೇಲೆ ಪದಕ ಕಡಿಮೆ ಮಾಡಲಿಲ್ಲ. ಮಾಡಿದ ಕೆಲಸ ಅದೇ ಇತ್ತಲ್ಲ. ಮಕ್ಕಳ ಮೂರನೇ ಪ್ರಶ್ನೆಗೆ ಇದಕ್ಕಿಂತ ಚೊಕ್ಕ ಉತ್ತರ ಸಿಗೋದಿಲ್ಲ.

ಗ್ರೆನೇಡಿನ ಮೇಲೆ ಬಿದ್ದು ಜೊತೆಗಾರರನ್ನ ಉಳಿಸೋದನ್ನ ಎಲ್ಲರೂ ಉದಾಹರಣೆ ಕೊಡ್ತಾರೆ. ಸೈನ್ಯ ಹಾಗೆ ಮಾಡು ಅಂತ ಕಲಿಸೋದಿಲ್ಲ. ಕಲಿಸೋದು ಇದು: ಕೂಗಿ ಎಚ್ಚರಿಸು, ದೂರ ಹಾರಿ ಮಕಾಡೆ ಮಲಗು, ತಲೆ ಆಚೆಗೆ, ಕಾಲು ಗ್ರೆನೇಡಿನ ಕಡೆಗೆ. ಫ್ಯೂಸ್ ಸಾಮಾನ್ಯವಾಗಿ 4-5 ಸೆಕೆಂಡು, ಅದರಲ್ಲಿ ಎಸೆದವನ ಕೈಯಿಂದ ನಿಮ್ಮ ಕಾಲ ಬುಡಕ್ಕೆ ಬರೋಕೆ ಎಷ್ಟು ಹೋಯ್ತೋ. ಕಂದಕದಲ್ಲಾದರೆ ತಳವನ್ನ ಇಳಿಜಾರು ಮಾಡಿ ಮೂಲೆಯಲ್ಲಿ ಆಳದ ಕಿರುಗುಂಡಿ ತೋಡ್ತಾರೆ, ಬಿದ್ದ ಗ್ರೆನೇಡನ್ನ ಕಾಲಲ್ಲಿ ಅದಕ್ಕೆ ತಳ್ಳಿದರೆ ಸಿಡಿತ ಮೇಲಕ್ಕೆ ಹೋಗುತ್ತೆ. ಯಾರಾದರೂ ಗ್ರೆನೇಡಿನ ಮೇಲೆ ಬೀಳಬೇಕಾಗಿ ಬಂದರೆ ‘ಗುಂಡಿ ಯಾಕೆ ತೋಡಿರಲಿಲ್ಲ’ ಅನ್ನೋ ಪ್ರಶ್ನೆಯೂ ಅದರ ಜೊತೆಗೇ ಬರಬೇಕು. 2008ರಲ್ಲಿ ಅಫ್ಘಾನಿಸ್ತಾನದಲ್ಲಿ ಬ್ರಿಟಿಷ್ ರಾಯಲ್ ಮರೀನ್ ಮ್ಯಾಥ್ಯೂ ಕ್ರೌಚರ್ ಕಾಲಿಗೆ ತಂತಿ ತಗುಲಿ ಗ್ರೆನೇಡ್ ಬಿತ್ತು. ಆತ ಬೆನ್ನಿನ ಬ್ಯಾಗನ್ನೇ ಅದರ ಮೇಲೆ ಒತ್ತಿ ಮಲಗಿದ. ಸಿಡಿತವನ್ನ ಬ್ಯಾಗ್ ನುಂಗಿತು, ಆತ ಬದುಕಿದ, ಬ್ರಿಟನ್ನಿನ ಶೌರ್ಯ ಪದಕ ಜಾರ್ಜ್ ಕ್ರಾಸ್ ಸಿಕ್ಕಿತು. ಸಾವಿಗೆ ಸಿದ್ಧನಾಗಿದ್ದ, ಆದರೆ ಸಾವನ್ನ ಹುಡುಕಲಿಲ್ಲ. ಆ ಕ್ಷಣದಲ್ಲೂ ತನಗೂ ಒಂದು ಅವಕಾಶ ಇಟ್ಟುಕೊಂಡ.

ಅಪ್ಪಣೆ ವಿಷಯ. ಭಾರತೀಯ ಸೇನಾ ಕಾಯ್ದೆ 1950ರಲ್ಲಿ ಕಾನೂನುಬದ್ಧ ಅಪ್ಪಣೆ ಮೀರಿದರೆ ಶಿಕ್ಷೆ (ಕಲಂ 41), ಶತ್ರುವಿನ ಎದುರು ನಾಚಿಕೆಗೇಡಾಗಿ ಠಾಣೆ ಬಿಟ್ಟರೆ ಮರಣದಂಡನೆಯವರೆಗೂ ಹೋಗಬಹುದು (ಕಲಂ 34). ಹಾಗಾಗಿ ‘ಕೊನೆಯ ಗುಂಡಿನವರೆಗೆ ಠಾಣೆ ಹಿಡಿ’ ಅನ್ನೋ ಅಪ್ಪಣೆ ಕಾನೂನಿಗೆ ವಿರುದ್ಧವಲ್ಲ. ಆದರೆ ಅದಕ್ಕೂ ‘ಹೋಗಿ ಸಾಯಿ’ ಅನ್ನೋದಕ್ಕೂ ಅಜಗಜಾಂತರ. ಮೊದಲನೆಯದರಲ್ಲಿ ಕೆಲಸ ಠಾಣೆ ಹಿಡಿಯೋದು. ಕುಮಕು ಬಂದರೆ, ಶತ್ರು ಹಿಂದೆ ಸರಿದರೆ, ಆತ ಬದುಕಿದರೆ ಕೆಲಸ ಇನ್ನೂ ಚೆನ್ನಾಗಿ ಆದ ಹಾಗೆ. ಎರಡನೆಯದರಲ್ಲಿ ಆತ ಬದುಕಿದರೆ ಕೆಲಸವೇ ಆಗಲಿಲ್ಲ.

ರೆಜಾಂಗ್ ಲಾ, 18 ನವೆಂಬರ್ 1962. 13 ಕುಮಾವ್ ಪಲ್ಟನ್ನಿನ ಚಾರ್ಲಿ ಕಂಪನಿ, ಮೇಜರ್ ಶೈತಾನ್ ಸಿಂಗ್, ಸುಮಾರು 120 ಜನ, 16,000 ಅಡಿಗೂ ಮೇಲೆ. 110ಕ್ಕೂ ಹೆಚ್ಚು ಜನ ಸತ್ತರು. ಹಿಂದೆ ಚುಶೂಲ್, ಅಲ್ಲಿನ ವಿಮಾನಪಟ್ಟಿ. ಹಿಡಿದು ನಿಂತಿದ್ದಕ್ಕೆ ಕಾರಣವಿತ್ತು. ಆದರೆ ನಡುವೆ ಗುಡ್ಡದ ಏಣು ಅಡ್ಡವಿದ್ದದ್ದರಿಂದ ನಮ್ಮ ಫಿರಂಗಿಗಳ ಬೆಂಬಲ ಅವರಿಗೆ ಸಿಗಲಿಲ್ಲ. ಬದುಕಿ ಬಂದ ಕೆಲವೇ ಮಂದಿ ಹೇಳಿದ್ದನ್ನ ಮೊದಲು ಯಾರೂ ಪೂರ್ತಿ ನಂಬಲಿಲ್ಲ. ಮುಂದಿನ ಫೆಬ್ರವರಿಯಲ್ಲಿ ಹಿಮದಲ್ಲಿ ಹೆಪ್ಪುಗಟ್ಟಿದ ದೇಹಗಳು, ಕೈಯಲ್ಲಿ ಆಯುಧ ಹಿಡಿದ ಹಾಗೇ ಸಿಕ್ಕವು. ಆಗ ನಂಬಿದರು. ಇದರಲ್ಲಿ ಎರಡು ಪಾಠ ಇದೆ. ಸತ್ತವರ ಶೌರ್ಯವನ್ನ ಹೊಗಳಿ ಹೊಗಳಿ ಬೆಂಬಲ ಯಾಕೆ ತಲುಪಲಿಲ್ಲ ಅನ್ನೋ ಪ್ರಶ್ನೆಯನ್ನ ಮುಚ್ಚಿಹಾಕೋದು ಸುಲಭ. ಎಲ್ಲರೂ ಸಾಯಬೇಕಿತ್ತು ಅನ್ನೋ ನಿರೀಕ್ಷೆ ಇದ್ದಲ್ಲಿ ಬದುಕಿದವನ ಮಾತಿಗೆ ಬೆಲೆ ಇರೋದಿಲ್ಲ. ಅಷ್ಟೇ ಅಲ್ಲ, ಶೌರ್ಯ ಪದಕಕ್ಕೆ ಕಣ್ಣಾರೆ ಕಂಡವರ ಹೇಳಿಕೆ ಬೇಕು, ಅದು ಪಲ್ಟನ್, ಬ್ರಿಗೇಡ್, ಡಿವಿಷನ್ ದಾಟಿ ಮೇಲಕ್ಕೆ ಹೋಗಬೇಕು. ಕಂಡವರೆಲ್ಲ ಸತ್ತರೆ ಯಾರಿಗೂ ಏನೂ ಸಿಗೋದಿಲ್ಲ. ಸತ್ತವರ ಹೆಸರು ಉಳಿಯೋದು ಬದುಕಿದವರ ಬಾಯಿಂದ.

ಇನ್ನೊಂದು ಮಾತು, ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮಪಾತಕ್ಕೆ 19 ಮದ್ರಾಸ್ ಪಲ್ಟನ್ನಿನ ಹತ್ತು ಜನ ಹೂತುಹೋದರು. ಆರು ದಿನದ ಮೇಲೆ ಅವರೊಬ್ಬರು ಜೀವಂತ ಸಿಕ್ಕರು, 11ರಂದು ದೆಹಲಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರು ಸಾವನ್ನ ಆರಿಸಿಕೊಂಡದ್ದಲ್ಲ. ಅಪಾಯದ ಜಾಗದಲ್ಲಿ ಕೆಲಸಕ್ಕೆ ನಿಂತಿದ್ದರು, ಸಾವು ಬಂತು. ಇದನ್ನ ‘ಪ್ರಾಣತ್ಯಾಗ’ ಅನ್ನದಿದ್ದರೆ ಅವಮಾನವೇನೂ ಆಗೋದಿಲ್ಲ. ಇದ್ದದ್ದನ್ನ ಇದ್ದ ಹಾಗೆ ಹೇಳಿದರೂ ಅವರ ತೂಕ ಅಷ್ಟೇ ಇರುತ್ತೆ.

---

ತರ್ಕಶಾಲೆ

ಪಲ್ಟನ್ ಸರ್ ಹೇಳಿದ ‘ಬದುಕಿದರೆ ಕೆಲಸ ಆದ ಹಾಗಾ, ಕೆಟ್ಟ ಹಾಗಾ’ ಅನ್ನೋದು ಚರ್ಚೆಗೆ ಸರಿಯಾದ ಒರೆಗಲ್ಲು. ದನ ಬಿಡಿಸಿದವನು ಬದುಕಿದ್ದರೆ ಊರೇ ಸಂಭ್ರಮಿಸುತ್ತಿತ್ತು. ಸಿಡಿತಲೆಯವನು ಬದುಕಿದ್ದರೆ ಹರಕೆ ತಪ್ಪಿದ ಹಾಗೆ. ಒಬ್ಬನಿಗೆ ಸಾವು ಕೆಲಸದ ಬೆಲೆ, ಇನ್ನೊಬ್ಬನಿಗೆ ಸಾವೇ ಕೆಲಸ.

ನೀತಿಶಾಸ್ತ್ರದಲ್ಲಿ ಇದಕ್ಕೆ ಒಂದು ನೆಲೆಗಟ್ಟಿದೆ. 1958ರಲ್ಲಿ ಜೆ. ಒ. ಅರ್ಮ್ಸನ್ ಎಂಬ ತತ್ವಶಾಸ್ತ್ರಜ್ಞ ಒಂದು ಲೇಖನದಲ್ಲಿ ಇದೇ ಗ್ರೆನೇಡಿನ ಉದಾಹರಣೆ ಎತ್ತಿಕೊಂಡ. ಅಲ್ಲಿಯವರೆಗೆ ಕೆಲಸಗಳನ್ನ ಮೂರಾಗಿ ವಿಂಗಡಿಸುತ್ತಿದ್ದರು: ಮಾಡಲೇಬೇಕಾದ್ದು, ಮಾಡಬಾರದ್ದು, ಮಾಡಿದರೂ ಬಿಟ್ಟರೂ ಸರಿ ಅನ್ನುವಂಥದ್ದು. ಗ್ರೆನೇಡಿನ ಮೇಲೆ ಬಿದ್ದವನು ಈ ಮೂರರಲ್ಲಿ ಎಲ್ಲೂ ಕೂರೋದಿಲ್ಲ. ಬೀಳದವನನ್ನ ಯಾರೂ ಬೈಯೋಹಾಗಿಲ್ಲ, ಬಿದ್ದವನನ್ನ ಹೊಗಳದೆ ಇರೋಹಾಗಿಲ್ಲ. ಅದರಲ್ಲೊಂದು ಸೂಕ್ಷ್ಮ ಇದೆ. ವೀರನನ್ನ ಕೇಳಿದರೆ ‘ನಾನು ನನ್ನ ಕರ್ತವ್ಯ ಮಾಡಿದೆ’ ಅನ್ನಬಹುದು. ಅವನ ಬಾಯಲ್ಲಿ ಆ ಮಾತು ಸರಿ. ಆದರೆ ಪಕ್ಕದಲ್ಲಿ ನಿಂತವನು ‘ಬೀಳೋದು ನಿನ್ನ ಕರ್ತವ್ಯ, ಬೀಳು’ ಅನ್ನೋಹಾಗಿಲ್ಲ. ಒಂದೇ ಮಾತು, ಒಬ್ಬನ ಬಾಯಲ್ಲಿ ದೊಡ್ಡತನ, ಇನ್ನೊಬ್ಬನ ಬಾಯಲ್ಲಿ ಕೊಲೆ.

ಇದು ಎಲ್ಲಿ ಕೆಡುತ್ತೆ ಅನ್ನೋದಕ್ಕೆ ಜಪಾನಿನ 1944-45 ನೋಡಬಹುದು. ವೈಸ್ ಅಡ್ಮಿರಲ್ ಓನಿಶಿ ಫಿಲಿಪೀನ್ಸ್‌ನಲ್ಲಿ ಆತ್ಮಾಹುತಿ ದಳ ಕಟ್ಟಿದ. 25 ಅಕ್ಟೋಬರ್ 1944ರಂದು ಲೆಫ್ಟಿನೆಂಟ್ ಸೆಕಿ ಯುಕಿಯೊನ ತಂಡ ಅಮೆರಿಕದ ಸೇಂಟ್ ಲೋ ಹಡಗನ್ನ ಮುಳುಗಿಸಿತು. ಹೆಸರಿಗೆ ಎಲ್ಲರೂ ಸ್ವಯಂಪ್ರೇರಿತರು. ಆದರೆ ಸಾಲಾಗಿ ನಿಲ್ಲಿಸಿ, ಮೇಲಧಿಕಾರಿ ಎದುರಿಗೆ ನಿಂತು ‘ಯಾರು ಸಿದ್ಧ’ ಅಂದಾಗ ಜೊತೆಗಾರರೆಲ್ಲ ಕೈ ಎತ್ತಿದ ಮೇಲೆ ಉಳಿದ ಒಬ್ಬ ಹುಡುಗ ಏನು ಮಾಡ್ತಾನೆ? ಒಪ್ಪಿಗೆ ಅನ್ನೋದಕ್ಕೆ ಅರ್ಥ ಇರಬೇಕಾದರೆ ಒಲ್ಲೆ ಅನ್ನೋಕೂ ದಾರಿ ಇರಬೇಕು, ಹಾಗೆ ಅಂದವನು ಮರುದಿನ ತಲೆ ಎತ್ತಿ ಓಡಾಡುವ ಹಾಗಿರಬೇಕು. ಅಲ್ಲಿ ಆ ದಾರಿ ಇರಲಿಲ್ಲ. ಓನಿಶಿ ಸೋಲಿನ ಮರುದಿನ, 1945ರ ಆಗಸ್ಟ್ 16ರಂದು, ಹೊಟ್ಟೆ ಬಗೆದುಕೊಂಡು ಸತ್ತ. ಅದರಿಂದ ಅವನ ಅಪ್ಪಣೆ ಸರಿಯಾಗಲಿಲ್ಲ. ತಾನೂ ಸಾಯೋಕೆ ಸಿದ್ಧ ಅನ್ನೋದು ಬೇರೆಯವರನ್ನ ಸಾಯಿಸೋಕೆ ಕೊಟ್ಟ ಪರವಾನಗಿಯಲ್ಲ.

ಮಕ್ಕಳಿಗೆ ಸಿದ್ಧಾಂತ ಬೇಡ, ಒಂದೊಂದು ಕಲ್ಲಿನ ಮುಂದೆ ನಿಲ್ಲಿಸಿ ಮೂರು ವಿಷಯ ಕೇಳಿಸಿ ಸಾಕು: ಇವನು ಸತ್ತದ್ದರಿಂದ ಯಾರು ಉಳಿದರು, ಒಲ್ಲೆ ಅನ್ನೋಕೆ ಇವನಿಗೆ ಆಗ್ತಿತ್ತಾ, ಕಲ್ಲು ನಿಲ್ಲಿಸಿದವನಿಗೆ ಏನು ಸಿಕ್ಕಿತು. ಮೂರನೆಯದನ್ನ ಬಿಡಬೇಡಿ. ಮಕ್ಕಳು ಅದರಲ್ಲಿ ನಮಗಿಂತ ಚುರುಕು.

---

ಹೊಯ್ಸಳ ನಾಡಿನವ

ಇಷ್ಟೊತ್ತು ಓದಿದೆ, ಒಂದು ತಕರಾರಿದೆ. ಎಲ್ಲರೂ ಗರುಡರನ್ನ, ಲೆಂಕರನ್ನ (ಒಡೆಯನ ಜೊತೆ ತಾವೂ ಸಾಯ್ತೀವಿ ಅಂತ ಭಾಷೆ ಕೊಟ್ಟ ಬಂಟರು) ಪಾಪದವರು, ಬಲವಂತಕ್ಕೆ ಸಿಕ್ಕವರು ಅನ್ನೋ ಹಾಗೆ ಮಾತಾಡ್ತಿದ್ದೀರಿ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ದಕ್ಷಿಣಕ್ಕೆ ಇರೋ ಕಂಬವನ್ನ ಹತ್ತಿರದಿಂದ ನೋಡಿ. ಕುವರ ಲಕ್ಷ್ಮ ಇಮ್ಮಡಿ ಬಲ್ಲಾಳನ ದಂಡನಾಯಕ, ಬಲ್ಲಾಳ ಮಗನ ಹಾಗೆ ಸಾಕಿದ್ದವನು. 1220ರಲ್ಲಿ ಬಲ್ಲಾಳ ತೀರಿಕೊಂಡಾಗ ಲಕ್ಷ್ಮ, ಹೆಂಡತಿ ಸುಗ್ಗಲದೇವಿ, ಜೊತೆಗೆ ಸಾವಿರ ವೀರರು ಪ್ರಾಣ ಕೊಟ್ಟರು ಅಂತ ಶಾಸನ. ಕಂಬದ ನಡುವೆ ಕತ್ತಿ ಹಿಡಿದು ತಮ್ಮ ತಲೆ ತಾವೇ ಕಡಿದುಕೊಳ್ಳುತ್ತಿರುವ ವೀರರ ಸಣ್ಣ ಸಣ್ಣ ಗೊಂಬೆಗಳಿವೆ. ಶಾಸನ ಪೂರ್ತಿಯಾಗಿಲ್ಲ, ಅರ್ಧಕ್ಕೇ ನಿಂತಿದೆ.

ಇದು ಹುಚ್ಚಲ್ಲ, ಒಂದು ವ್ಯವಸ್ಥೆ. ಒಡೆಯನ ಪ್ರಾಣದ ಜೊತೆ ತನ್ನ ಪ್ರಾಣವೂ ಹೋಗುತ್ತೆ ಅಂತ ಎಲ್ಲರೆದುರು ಭಾಷೆ ಕೊಟ್ಟವನು ಕಾವಲಿಗಿದ್ದರೆ ಅವನನ್ನ ದುಡ್ಡು ಕೊಟ್ಟು ಕೊಳ್ಳೋಕಾಗಲ್ಲ. ವಿಷ ಹಾಕಿದರೂ ಹಿಂದಿನಿಂದ ಇರಿದರೂ ಅವನಿಗೆ ಲಾಭವಿಲ್ಲ. ಅಂಥವರು ಹತ್ತಿರ ಇದ್ದದ್ದಕ್ಕೇ ಅರಸ ನಿದ್ದೆ ಮಾಡ್ತಿದ್ದ. ಭಾಷೆ ಕೊಟ್ಟು ಜೀವಮಾನವೆಲ್ಲ ಮರ್ಯಾದೆ, ಭೂಮಿ, ಅಧಿಕಾರ ಉಂಡು ಕೊನೆಗೆ ‘ಒಲ್ಲೆ’ ಅಂದರೆ ಅದು ಸ್ವಾತಂತ್ರ್ಯವಾ, ಮೋಸವಾ? ಜೋಳದ ಪಾಳಿ, ಅಂದರೆ ಉಂಡ ಅನ್ನದ ಋಣ ತೀರಿಸೋದು, ಇದೇ. ಪಂಪನ ಕರ್ಣ ತನ್ನ ಹುಟ್ಟು ಗೊತ್ತಾದ ಮೇಲೂ ದುರ್ಯೋಧನನನ್ನ ಬಿಡಲಿಲ್ಲ, ಅದನ್ನ ಓದಿ ಕಣ್ಣೀರು ಹಾಕ್ತೀವಿ. ಲಕ್ಷ್ಮನಿಗೆ ಮಾತ್ರ ತಕ್ಕಡಿ ಹಿಡೀತೀವಿ.

---

ಶಾಸನದ ಗೀಳು

ತಕರಾರು ಸರಿಯಾದ್ದೇ, ಕಾವಲಿನ ತರ್ಕವನ್ನೂ ಒಪ್ತೀನಿ. ಆದರೆ ಅದನ್ನೇ ಮುಂದುವರಿಸಿ ನೋಡಿ ಸ್ವಾಮಿ. ಆ ಭಾಷೆಯ ಕೆಲಸ ಇದ್ದದ್ದು ಅರಸ ಬದುಕಿರುವಷ್ಟು ದಿನ. ಅವನು ಕಾಯಿಲೆಯಿಂದಲೋ ವಯಸ್ಸಾಗಿಯೋ ತೀರಿಕೊಂಡ ಮೇಲೆ ಲೆಂಕ ಸತ್ತರೆ ಉಳಿದದ್ದು ಯಾರು? ಆ ಒಬ್ಬ ಅರಸನಂತೂ ಅಲ್ಲ. ಮುಂದಿನ ಅರಸನಿಗೆ ಮಾತ್ರ ಲಾಭ, ಹಳಬರು ಭಾಷೆ ಉಳಿಸಿಕೊಂಡಿದ್ದರಿಂದ ಹೊಸಬರ ಭಾಷೆಗೆ ಬೆಲೆ ಬಂತು. ಕರ್ಣನ ವಿಷಯ ಬೇರೆ: ಅವನು ಸತ್ತದ್ದು ದುರ್ಯೋಧನನಿಗಾಗಿ ಹೋರಾಡ್ತಾ, ದುರ್ಯೋಧನ ಇನ್ನೂ ಬದುಕಿದ್ದಾಗ. ಅವನು ಗೆದ್ದಿದ್ದರೆ ಋಣ ಇನ್ನೂ ಚೆನ್ನಾಗಿ ತೀರ್ತಿತ್ತು.

ಇನ್ನೊಂದು ಕಡೆ ನೋಡಿ. ಕೆ.ಆರ್. ಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿ, ಹುಂಕರೇಶ್ವರ ಗುಡಿ. ಅಲ್ಲಿ ಮೂರು ಗರುಡಗಂಬಗಳಿವೆ, ತುದಿಯಲ್ಲಿ ಆನೆ, ಮೇಲೆ ಸವಾರರು, ಗರುಡ. ಒಂದೇ ನಾಯಕ ಮನೆತನದವರು ತಲೆಮಾರಿನಿಂದ ತಲೆಮಾರಿಗೆ ಹೊಯ್ಸಳ ಅರಸರ ಜೊತೆ ಗರುಡರಾಗಿ ಸತ್ತದ್ದನ್ನ ಶಾಸನ ಹೇಳುತ್ತೆ. ಜೊತೆಗೆ ಹೆಂಡತಿಯರು, ಲೆಂಕರು, ಲೆಂಕಿತಿಯರು. ಮೊದಲನೆಯವನು ತಾನಾಗಿ ಭಾಷೆ ಕೊಟ್ಟ ಅಂತಲೇ ಇಟ್ಟುಕೊಳ್ಳಿ. ನಾಲ್ಕನೇ ತಲೆಮಾರಿನ ಹುಡುಗ ಹುಟ್ಟುವಾಗಲೇ ಭಾಷೆಯೊಳಗೆ ಹುಟ್ಟಿದ. ಮನೆಯ ಆಳುಮಗಳು ಯಾರಿಗೆ ಭಾಷೆ ಕೊಟ್ಟಿದ್ದಳು, ಅವಳು ಉಂಡ ಜೋಳ ಎಷ್ಟು? ಭಾಷೆ ಕೊಟ್ಟವನ ದೊಡ್ಡತನವನ್ನ ನಾನೂ ಒಪ್ತೀನಿ. ಅವನ ಹಿಂದೆ ಎಳೆದುಕೊಂಡು ಹೋದವರ ಸಾವನ್ನ ಅವನ ಲೆಕ್ಕಕ್ಕೇ ಜಮೆ ಮಾಡೋದನ್ನ ಒಪ್ಪಲ್ಲ. ಮಾಸ್ತಿಕಲ್ಲಿನ (ಗಂಡನ ಜೊತೆ ಸಹಗಮನ ಮಾಡಿದವಳ ಕಲ್ಲು) ಬಗ್ಗೆಯೂ ನನ್ನ ಮಾತು ಇದೇ.

ಮೇಷ್ಟ್ರೇ, ಅಂದ ಹಾಗೆ ನಿಮ್ಮ ಮೂರು ಕಲ್ಲಿನಲ್ಲಿ ಎಲ್ಲಾದರೂ ಬಳೆ ತೊಟ್ಟು ಮಡಚಿ ಎತ್ತಿದ ತೋಳು ಒಂಟಿಯಾಗಿ ಕಂಬದಿಂದ ಹೊರಬಂದ ಹಾಗೆ ಇದೆಯಾ ನೋಡಿ. ಇದ್ದರೆ ಹೆಂಡತಿ ಸಹಗಮನ ಮಾಡಿದ ಗುರುತು. ಆಗ ಫಲಕದಲ್ಲಿ ಅವಳನ್ನೂ ಹೇಳಬೇಕಾಗುತ್ತೆ.

---

ಹೊಯ್ಸಳ ನಾಡಿನವ

ಆಳುಗಳ ಮಾತು ಒಪ್ಪಿದೆ. ಲಕ್ಷ್ಮನ ಮಾತು ಒಪ್ಪಲ್ಲ, ಸಾವಿರ ಜನ ಒಟ್ಟಿಗೆ ಭಾಷೆ ಉಳಿಸಿಕೊಂಡರು ಅಂದರೆ ಅದರಲ್ಲಿ ಬರೀ ಭಯ ಕಾಣೋಕೆ ನನ್ನಿಂದಾಗದು. ಇರಲಿ ಬಿಡಿ.

---

ಕೆರೆಏರಿ ಮೇಷ್ಟ್ರು

ಎಲ್ಲರಿಗೂ ತುಂಬಾ ಉಪಕಾರವಾಯ್ತು. ಟಾರ್ಚ್ ಫೋಟೋದಲ್ಲಿ ಎರಡನೇ ಕಲ್ಲಿನ ಅಡ್ಡಪಟ್ಟಿಯಲ್ಲಿ ‘…ಬೆಸಸೆ ಕಾದಿ…’ ಅಂತ ಓದೋಕಾಗ್ತಿದೆ, ಹೆಸರಿನ ಜಾಗ ಒಡೆದಿದೆ. ತೋಳಿನ ಗುರುತು ಎಲ್ಲೂ ಇಲ್ಲ. ಪಂಚಾಯ್ತಿಯವರನ್ನ ಒಪ್ಪಿಸಿ ಕೆತ್ತನೆ ನಿಲ್ಲಿಸಿದ್ದೀನಿ. ಹೊಸ ಕರಡು:

‘ಇಲ್ಲಿ ಮೂರು ಸ್ಮಾರಕ ಶಿಲೆಗಳಿವೆ. ಮೊದಲನೆಯದು ಊರಿನ ದನಗಳನ್ನು ಬಿಡಿಸಲು ಹೋರಾಡಿ ಮಡಿದವನದು. ಎರಡನೆಯದು ಒಡೆಯನ ಅಪ್ಪಣೆಯಂತೆ ಕಾದಾಡಿ ಮಡಿದವನದು. ಮೂರನೆಯದು ಹರಕೆಯಾಗಿ ತನ್ನ ತಲೆಯನ್ನು ಅರ್ಪಿಸಿದವನದು. ಈ ವೀರರ ತ್ಯಾಗಕ್ಕೆ ನಮ್ಮ ನಮನ.’

ಕೊನೆಯ ಸಾಲು ಬೇಕೇ ಬೇಕು ಅಂತ ಅಧ್ಯಕ್ಷರ ಹಟ.

---

ತರ್ಕಶಾಲೆ

ಮೊದಲ ನಾಲ್ಕು ಸಾಲು ಚೆನ್ನಾಗಿದೆ. ಕೊನೆಯ ಸಾಲು ಮೂರನ್ನೂ ಮತ್ತೆ ಒಂದೇ ಮೂಟೆಗೆ ತುಂಬುತ್ತೆ. ‘ಇವರ ನೆನಪಿಗೆ ಊರಿನವರ ನಮನ’ ಅಂದರೆ ಅಧ್ಯಕ್ಷರ ನಮನವೂ ಉಳಿಯುತ್ತೆ, ಯಾರ ಸಾವಿಗೂ ನೀವಾಗಿ ಹೆಸರಿಟ್ಟ ಹಾಗೂ ಆಗೋದಿಲ್ಲ. ನೋಡುವವರು ಮೂರು ಕಲ್ಲಿನ ಮುಂದೆ ಮೂರು ಥರ ಯೋಚಿಸಲಿ.

---

ಶಾಸನದ ಗೀಳು

ಎರಡು ತಿದ್ದುಪಡಿ. ‘ಹರಕೆಯಾಗಿ’ ಅನ್ನೋದು ಚಿತ್ರ ನೋಡಿ ಹೇಳಿದ್ದು, ಮೂರನೇ ಕಲ್ಲಿನಲ್ಲಿ ಅಕ್ಷರವಿಲ್ಲ. ಹಾಗಾಗಿ ‘ತನ್ನ ತಲೆಯನ್ನು ತಾನೇ ಅರ್ಪಿಸಿದವನದು (ಸಿಡಿತಲೆ)’ ಅಂತಷ್ಟೇ ಇರಲಿ, ಯಾರಿಗೆ, ಯಾಕೆ ಅನ್ನೋದು ಬೇಡ. ಎರಡನೆಯದಕ್ಕೆ ‘ಬೆಸಸೆ’ ಓದು ತಿಳಿದವರಿಂದ ಖಾತ್ರಿಯಾಗೋವರೆಗೆ ‘ಕಾಳಗದಲ್ಲಿ ಮಡಿದವನದು’ ಸಾಕು. ಗ್ರಾನೈಟ್ ಬದಲು ಸದ್ಯಕ್ಕೆ ಫ್ಲೆಕ್ಸೋ ತಗಡೋ ಹಾಕಿಸಿ, ಪಾಠ ಖಚಿತವಾದ ಮೇಲೆ ಕಲ್ಲಿನಲ್ಲಿ ಕೆತ್ತಿಸಿ.

ಕಟ್ಟೆ ಕೆಲಸದವರಿಗೆ ಈಗಲೇ ಹೇಳಿಬಿಡಿ: ವೀರಗಲ್ಲಿನ ಬುಡಕ್ಕೆ ಕಾಂಕ್ರೀಟ್ ಸುರಿಯಬಾರದು. ಕೆಳಪಟ್ಟಿ ಹೂತುಹೋದರೆ ಆ ಕಲ್ಲಿನ ಸುದ್ದಿಯೇ ಹೋದ ಹಾಗೆ, ಮೇಲಾಗಿ ಸಿಮೆಂಟಿನ ಉಪ್ಪು ಕಲ್ಲಿಗೇರಿ ಮೈ ಪದರ ಪದರವಾಗಿ ಏಳುತ್ತೆ. ಸುತ್ತ ಒಂದಡಿ ಜಾಗ ಬಿಟ್ಟು ಜಲ್ಲಿ ಹರಡಿಸಿ, ನೀರು ಇಂಗಲಿ. ಫಲಕ ಕಲ್ಲಿಗೆ ಅಂಟಬಾರದು, ಬೇರೆ ಕಂಬದ ಮೇಲೆ ಪಕ್ಕದಲ್ಲಿರಲಿ. ಅಡ್ಡಪಟ್ಟಿಯ ಫೋಟೋಗಳನ್ನ ಪೂರ್ತಿ ಸೈಜಿನಲ್ಲಿ ಇಲ್ಲಿ ಹಾಕಿ, ವಾಟ್ಸಾಪ್‌ನಲ್ಲಿ ಕಳಿಸಿದರೆ ಅಕ್ಷರ ಕಲಸಿಹೋಗುತ್ತೆ.